ಹಿಮ್ಮಡಿಗೆ ತಾಗಿದ ನೀರು

ನನ್ನ ಕೆಲಸ ಹೊಸಬರ ಜೊತೆ ಕೂರುವುದು. ಇದಕ್ಕೆ ನಮ್ಮ ಊರಿನಲ್ಲಿ ಬೇರೆ ಹೆಸರಿಲ್ಲ. ಮದುವೆಯಾಗಿ ಬಂದ ಹೆಣ್ಣನ್ನು ದೋಣಿ ಕಟ್ಟುವ ದಕ್ಕೆಯ ಬುಡದಲ್ಲಿ ಮಣೆ ಹಾಕಿ, ಸಮುದ್ರಕ್ಕೆ ಬೆನ್ನು ಮಾಡಿ ಕೂರಿಸುತ್ತಾರೆ. ಕೈಗೆ ಏನಾದರೂ ಕೆಲಸ ಕೊಡುತ್ತಾರೆ, ಸಿಗಡಿ ಸುಲಿಯುವುದೋ ಬಲೆಯ ಹರುಕು ಹೊಲಿಯುವುದೋ. ಪಕ್ಕದಲ್ಲಿ ನಾನು ನೀರಿನ ಕಡೆ ಮುಖ ಮಾಡಿ ಕೂರುತ್ತೇನೆ. ನೀರು ಬಂದು ಅವಳ ಹಿಮ್ಮಡಿಗೆ ತಾಗುವವರೆಗೆ ದಿನವೂ ಹೀಗೇ. ಅದು ಎಲ್ಲಿಯವರೆಗೆ ಬಂತು ಎಂದು ನಾನು ಹೇಳಬಾರದು. ಹೇಳಿದರೆ ಅವಳು ತಿರುಗುತ್ತಾಳೆ, ತಿರುಗಿದರೆ ಅದು ಹೋಗುತ್ತದೆ. ಹಿಮ್ಮಡಿ ಒದ್ದೆಯಾದ ಮೇಲೂ ತಿರುಗಬಾರದು. ಎದ್ದು ನೇರ ನಡೆದು, ತವರಿಗೆ ಹೋಗಿ, ಒಂದಷ್ಟು ದಿನ ಇದ್ದು ಬರಬೇಕು. ಬಂದಾಗ ನೀರು ನಿಂತಲ್ಲೇ ಇದ್ದರೆ ಅವಳು ಊರಿನವಳು. ಹಿಂದೆ ಸರಿದರೆ ಮತ್ತೆ ಮಣೆ.

ಈ ಕೆಲಸ ನನಗೆ ಸಿಕ್ಕಿದ್ದು ನಾನು ಮಾತಾಡದವಳೆಂದು. ಇಷ್ಟರಲ್ಲಿ ಹನ್ನೊಂದು ಮಂದಿ ಮದುಮಗಳಂದಿರು, ಇಬ್ಬರು ಮೇಷ್ಟ್ರು, ಒಬ್ಬ ಪೋಸ್ಟ್‌ಮ್ಯಾನ್ ನನ್ನ ಪಕ್ಕದಲ್ಲಿ ಕೂತು ಹೋಗಿದ್ದಾರೆ. ನನ್ನ ಅತ್ತಿಗೆಗೆ ಇಪ್ಪತ್ತೆರಡು ದಿನ ಬೇಕಾಯಿತು. ಐಸಿನ ಮನೆಯ ಹತ್ತಿರ ಕೂತು ಎಲೆ ಅಡಿಕೆ ಜಗಿಯುವ ದಾರು ಅಜ್ಜಿ ಅದನ್ನು ಈಗಲೂ ಆಡಿಕೊಳ್ಳುತ್ತಾಳೆ.

ಹೊರಗಿನವರ ಕಣ್ಣು ಬಿದ್ದರೆ ನಮ್ಮ ಸಮುದ್ರ ನಿಲ್ಲುವುದಿಲ್ಲ. ಮೂರು ಫರ್ಲಾಂಗು ಹಿಂದೆ ಹೋಗಿ, ಕಪ್ಪು ಬಂಡೆಗಳ ಆಚೆ ಕಾಣದ ಹಾಗೆ ನಿಲ್ಲುತ್ತದೆ. ಅದಕ್ಕೇ ಬಸ್ಸು ಐಸಿನ ಮನೆಯ ತಿರುವಿನಲ್ಲೇ ನಿಂತು ಹಿಂದಿರುಗುತ್ತದೆ. ಮೀನಿನ ಲಾರಿಗಳೂ ಅಲ್ಲೇ. ಹೆಂಗಸರು ಬುಟ್ಟಿ ಹೊತ್ತು ತಿರುವಿನವರೆಗೆ ಮೀನು ಮುಟ್ಟಿಸುತ್ತಾರೆ. ಹತ್ತು ವರ್ಷದಿಂದ ಬರುವ ಡ್ರೈವರು ಒಬ್ಬ ಇನ್ನೂ ಸಮುದ್ರ ನೋಡಿಲ್ಲ, ನೋಡಬೇಕೆಂದು ಕೇಳಿದ್ದೂ ಇಲ್ಲ. ಶಾಲೆಗೆ ಬರುವ ಮೇಷ್ಟ್ರುಗಳಿಗೆ ಮಾತ್ರ ಕಷ್ಟ. ಶಾಲೆಯ ಕಿಟಕಿಗಳೆಲ್ಲ ಸಮುದ್ರದ ಕಡೆಗೇ ಇವೆ. ಒಬ್ಬರಿಗೆ ನೀರು ಒಗ್ಗಿತು ಅನ್ನುವಾಗ ವರ್ಗವಾಗಿಬಿಡುತ್ತಿತ್ತು. ನಾನು ಏಳನೇ ತರಗತಿ ಮುಗಿಸಿದ ವರ್ಷ ಹೊಸ ಮೇಷ್ಟ್ರು ಬರಲೇ ಇಲ್ಲ. ದೂರದ ಶಾಲೆಗೆ ಹೋಗಿ ಹೊಸ ಮುಖಗಳ ನಡುವೆ ಎದ್ದು ನಿಂತು ಉತ್ತರ ಹೇಳುವ ಧೈರ್ಯ ನನಗಿರಲಿಲ್ಲ. ಹೀಗೆ ಮಣೆಯ ಪಕ್ಕಕ್ಕೆ ಬಂದೆ.

ದಕ್ಕೆ ಹಳೆಯದು. ಕಲ್ಲು ಕಟ್ಟಿದ ಬುಡ ಗಟ್ಟಿಯಿದೆ. ಅದರ ಮುಂದೆ ಮರದ ಕಂಬಗಳ ಮೇಲೆ ಹಲಗೆ ಜೋಡಿಸಿದ ಭಾಗ ನೂರಿಪ್ಪತ್ತು ಅಡಿ. ಕೊನೆಯ ಆರು ಕಂಬಗಳು ಒಂದರ ಮೇಲೊಂದು ಒರಗಿ ನಿಂತಿದ್ದವು. ಹಿಂದಿನ ಮಳೆಗಾಲದಲ್ಲಿ ಹಲಗೆಯೊಂದು ಜಾರಿ ಅಮ್ಮನ ಕಾಲು ತೊಡೆಯವರೆಗೆ ಒಳಗೆ ಹೋಯಿತು. ಮೂಳೆ ಕೂಡಿಕೊಂಡರೂ ಈಗ ಅವಳು ಬುಟ್ಟಿ ಹೊತ್ತು ನಡೆಯಲಾರಳು. ದಕ್ಕೆಯ ಮೇಲೆ ಕೂತು ಮೀನು ಬೇರ್ಪಡಿಸುವ ಕೆಲಸವೊಂದೇ ಅವಳಿಗೆ ಉಳಿದದ್ದು. ಇನ್ನೊಂದು ಮಳೆಗಾಲವನ್ನು ಆ ಕಂಬಗಳು ತಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅದು ಬಿದ್ದರೆ ನಮ್ಮ ಹನ್ನೆರಡು ದೋಣಿಗಳು ಹದಿನೈದು ಮೈಲಿ ಆಚೆಯ ದೊಡ್ಡ ಬಂದರಿಗೆ ಹೋಗಬೇಕು. ದೋಣಿ ಹೋದ ಮೇಲೆ ಬೇರ್ಪಡಿಸಲು ಮೀನೆಲ್ಲಿ? ಅಮ್ಮ ಆ ಮಾತು ಆಡುತ್ತಿರಲಿಲ್ಲ. ಸಂಜೆ ಮನೆಗೆ ಹೊರಡುವ ಮುಂಚೆ ಕಂಬಗಳನ್ನು ಒಂದೊಂದಾಗಿ ಕೈಯಲ್ಲಿ ತಟ್ಟಿ ಬರುತ್ತಿದ್ದಳು, ದನದ ಬೆನ್ನು ತಟ್ಟಿದ ಹಾಗೆ.

ಸರ್ಕಾರದಲ್ಲಿ ಇದಕ್ಕೆ ದುಡ್ಡಿತ್ತು. ಸಣ್ಣ ದಕ್ಕೆಗಳ ದುರಸ್ತಿ ಮತ್ತು ಅಭಿವೃದ್ಧಿ ಎಂದೇ ಯೋಜನೆಯ ಹೆಸರು. ಮೀನುಗಾರರ ಸಂಘದ ಅಧ್ಯಕ್ಷ ಮಾಬ್ಲಣ್ಣ ಎರಡು ಸಲ ಅರ್ಜಿ ಹಾಕಿದ್ದ. ಎರಡು ಸಲವೂ ಪರಿಶೀಲನೆಗೆ ಅಧಿಕಾರಿ ಬಂದರು, ದಕ್ಕೆಯ ಮೇಲೆ ನಿಂತರು, ಎದುರಿಗೆ ಕೆಸರು ನೋಡಿದರು. ಮೊದಲನೆಯವರು ‘ಸ್ಥಳದಲ್ಲಿ ನೀರಿಲ್ಲ’ ಎಂದು ಬರೆದು ಹೋದರು. ಎರಡನೆಯವರು ಒಂದು ಸಾಲು ಹೆಚ್ಚು ಬರೆದರು, ‘ದಕ್ಕೆಯ ಅವಶ್ಯಕತೆ ಕಂಡುಬರುವುದಿಲ್ಲ’. ಅವರ ತಪ್ಪೆಂದು ನಾವು ಯಾರೂ ಹೇಳಲಿಲ್ಲ. ಅವರು ಕಂಡದ್ದನ್ನು ಬರೆದಿದ್ದರು.

ಮೂರನೆಯ ಅರ್ಜಿಗೆ ಬಂದವರು ರಂಗಧಾಮಯ್ಯ. ಬಯಲು ಸೀಮೆಯವರು, ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಕೊಡೆ, ಚರ್ಮದ ಚೀಲ, ಎದೆಯುರಿಯ ಮಾತ್ರೆ. ಬಸ್ಸಿಳಿದು ತಿರುವು ದಾಟಿದ ಕೂಡಲೇ ಎಂದಿನಂತೆ ಸಮುದ್ರ ಹೊರಟುಹೋಯಿತು. ಅವರು ಕೊಡೆ ಮಡಚಿ, ಕನ್ನಡಕ ಒರೆಸಿಕೊಂಡು, ಬಹಳ ಹೊತ್ತು ಕೆಸರನ್ನೇ ನೋಡಿದರು. ಮರಳಿನ ಮೇಲೆ ಒರಗಿದ್ದ ದೋಣಿಗಳನ್ನು ನೋಡಿದರು. ಅಮ್ಮನ ಮುಂದಿದ್ದ ಮೀನಿನ ರಾಶಿಗೆ ಕೈ ಹಾಕಿ ಒಂದು ಬಂಗುಡೆ ಎತ್ತಿ ಮೂಸಿದರು.

“ಮೀನು ಇವತ್ತಿಂದೇ,” ಎಂದರು. “ಹಂಗಾದ್ರೆ ನೀರು ಎಲ್ಲೋ ಐತೆ.”

ಹಿಂದಿನ ಇಬ್ಬರೂ ಹೀಗೆ ಯೋಚಿಸಿರಲಿಲ್ಲ. ಮಾಬ್ಲಣ್ಣನಿಗೆ ಅದರಿಂದಲೇ ಧೈರ್ಯ ಬಂದು ಮಣೆಯ ವಿಷಯವನ್ನು ತಡವರಿಸುತ್ತ ಹೇಳಿದ. ರಂಗಧಾಮಯ್ಯ ನಗಲಿಲ್ಲ. ಎಷ್ಟು ದಿನ ಬೇಕು ಎಂದು ಮಾತ್ರ ಕೇಳಿದರು. ಒಂಬತ್ತಾದರೂ ಬೇಕು ಎಂದ ಮಾಬ್ಲಣ್ಣ. ಅವರಿಗೆ ಕಚೇರಿಯಿಂದ ಮೂರು ದಿನ ಕೊಟ್ಟಿದ್ದರು. ಅದೂ ಮಾರ್ಚ್ ತಿಂಗಳು. ಅವರ ವರದಿ ಆ ವಾರ ಹೋಗದಿದ್ದರೆ ದುಡ್ಡು ಬೇರೆ ಊರಿನ ಪಾಲಾಗುತ್ತಿತ್ತು. ಅವರು ಚೀಲ ಕೆಳಗಿಟ್ಟು, ಮಣೆ ಎಲ್ಲಿ ಎಂದರು.

ಅವರು ಪ್ಯಾಂಟು ಮೇಲಕ್ಕೆ ಎಳೆದುಕೊಂಡು ಆ ಗಿಡ್ಡ ಮಣೆಯ ಮೇಲೆ ಕೂತಾಗ ದಾರು ಅಜ್ಜಿ ಎಲೆ ಉಗಿದು ಹೇಳಿದಳು, “ಈ ಮದುಮಗಳಿಗೆ ಹೊಟ್ಟೆ ಸ್ವಲ್ಪ ಜಾಸ್ತಿಯಾಯ್ತು ಮಾಬ್ಲ.”

“ಅಜ್ಜಿ, ನಮ್ಮನೇಲೂ ಅದನ್ನೇ ಹೇಳ್ತಾರೆ,” ಎಂದರು ರಂಗಧಾಮಯ್ಯ, ತಿರುಗದೆ.

ಆ ದಿನ ನಾನು ಅವರ ಪಕ್ಕ ಕೂತು ಬಲೆ ಹೊಲಿದೆ. ಅವರು ಮೂರು ಮಾತು ಕೇಳಿದರು, ನಾನು ಮೂರಕ್ಕೂ ತಲೆಯಾಡಿಸಿದೆ. ನೀರು ಬಂಡೆಗಳ ಆಚೆಯಿಂದ ಇಣುಕಲೂ ಇಲ್ಲ.

ಎರಡನೆಯ ದಿನ ಮಧ್ಯಾಹ್ನ ಅದು ಬಂತು. ಕೆಸರಿನ ಮೇಲೆ ತೆಳ್ಳಗೆ ಹೊಳೆಯುತ್ತ, ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ದಕ್ಕೆಯ ಕೊನೆಯ ಕಂಬಗಳ ಬುಡಕ್ಕೆ ಮುಟ್ಟಿತು. ಎರಡನೆಯ ದಿನಕ್ಕೇ ಇಷ್ಟು ಹತ್ತಿರ ಬಂದದ್ದನ್ನು ನಾನು ಕಂಡಿರಲಿಲ್ಲ. ಸೂಜಿಯನ್ನೇ ನೋಡುತ್ತ ಕೂತೆ. ಊರಿನವರೂ ಒಬ್ಬೊಬ್ಬರಾಗಿ ಬಂದು ಐಸಿನ ಮನೆಯ ಗೋಡೆಗೆ ಒರಗಿ ನಿಂತರು. ಯಾರೂ ಕೆಮ್ಮಲಿಲ್ಲ. ಆಗ ಮಾಬ್ಲಣ್ಣ ಸಂಘದ ಕಚೇರಿಯಿಂದ ಹೊರಗೆ ಬಂದ. ಹದಿನಾರು ವರ್ಷದಲ್ಲಿ ಮೂರು ಅರ್ಜಿ ಬರೆದವನು ಅವನು. ನೀರು ಕಂಡದ್ದೇ ಎರಡೂ ಕೈ ಮೇಲೆತ್ತಿ, “ಬಂತು ಸಾರ್, ಬಂತು,” ಎಂದುಬಿಟ್ಟ.

ರಂಗಧಾಮಯ್ಯ ತಿರುಗಿದರು. ಯಾರಾದರೂ ತಿರುಗುತ್ತಿದ್ದರು. ಅವರಿಗೆ ಕಂಡದ್ದು ಕೆಸರಿನ ಮೇಲೆ ಒಂದು ಒದ್ದೆ ಗೆರೆ, ಅಷ್ಟೇ.

ಮಾಬ್ಲಣ್ಣ ನಿಂತಲ್ಲೇ ಕುಸಿದು ಕೂತ. ದಾರು ಅಜ್ಜಿ ಅವನ ಅಪ್ಪನಿಂದ ಶುರುಮಾಡಿ ಮೂರು ತಲೆಮಾರನ್ನು ಬೈದಳು. ಅಮ್ಮ ಕುಂಟುತ್ತ ಹೋಗಿ ಅವನ ಕೈಗೆ ಒಂದು ಲೋಟ ಚಹಾ ಕೊಟ್ಟಳು. ಅವನು ಅದನ್ನು ಕುಡಿಯದೆ ಹಿಡಿದುಕೊಂಡೇ ಇದ್ದ.

“ನಂದೇ ತಪ್ಪು,” ಎಂದರು ರಂಗಧಾಮಯ್ಯ. “ಈ ಕುತ್ತಿಗೆ ಒಂದು ಸುಮ್ನಿರಲ್ಲ.”

ಮೂರನೆಯ ದಿನ ಬೆಳಿಗ್ಗೆ ಅವರು ಚೀಲ ಹೊತ್ತುಕೊಂಡೇ ಬಂದರು. ಮೂರು ಗಂಟೆಗೆ ಬಸ್ಸು. ವರದಿಯ ಫಾರಂನಲ್ಲಿ ಪೆನ್ಸಿಲಿನಿಂದ ‘ನೀರಿಲ್ಲ’ ಎಂದು ಬರೆದಾಗಿತ್ತು. ಅದು ನನಗೆ ಕಂಡಿತು, ನನಗೆ ಕಂಡದ್ದು ಅವರಿಗೂ ಕಂಡಿತು. ಬಸ್ಸಿನವರೆಗೆ ಕೂರಲು ಬೇರೆ ಜಾಗವಿಲ್ಲ ಎಂಬ ಹಾಗೆ ಮಣೆಯ ಮೇಲೆ ಕೂತು, ಶೂ ಕಳಚಿ ಪಕ್ಕಕ್ಕಿಟ್ಟು, ಕೈ ಖಾಲಿ ಇದ್ದರೆ ಬೇಜಾರು, ಏನಾದರೂ ಕೊಡಮ್ಮ ಎಂದರು. ನಾನು ಸಿಗಡಿಯ ಬುಟ್ಟಿಯನ್ನು ಅವರ ಮುಂದೆ ಸರಿಸಿದೆ.

ಮೊದಲ ಸಿಗಡಿಯ ತಲೆಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಎರಡನೆಯದರ ಚಿಪ್ಪಿನ ಜೊತೆ ಅರ್ಧ ಮಾಂಸವನ್ನೂ ಕಿತ್ತರು. ನಾನು ತೋರಿಸಿಕೊಟ್ಟೆ, ತಲೆ ತಿರುವಿ ತೆಗೆಯಬೇಕು, ಕಾಲಿನ ಕಡೆಯಿಂದ ಬೆರಳು ಹಾಕಬೇಕು, ಬಾಲ ಒತ್ತಿದರೆ ತಾನೇ ಬಿಡುತ್ತದೆ. ಹತ್ತನೆಯದಕ್ಕೆ ಅವರ ಕೈ ಕುದುರಿತು. ಆಮೇಲೆ ಅವರು ಬಸ್ಸು, ಫಾರಂ ಎಲ್ಲ ಮರೆತರು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸೇತುವೆ, ಕೆರೆ, ಕಟ್ಟೆ ನೋಡಿದ್ದೇನೆ ಎಂದು ಸಿಗಡಿಗೇ ಹೇಳುವ ಹಾಗೆ ಮೆಲ್ಲಗೆ ಹೇಳತೊಡಗಿದರು. ಹೋದಲ್ಲೆಲ್ಲ ಎಳನೀರು ಕೊಡುತ್ತಾರಂತೆ, ಜೀಪಿನವರೆಗೆ ಬಂದು ಕೈ ಮುಗಿಯುತ್ತಾರಂತೆ, ಇವರು ಯಾವಾಗ ಹೋಗುತ್ತಾರೋ ಎಂದು ಗಡಿಯಾರ ನೋಡುತ್ತಾರಂತೆ. “ಕೂತ್ಕೊ ಅಂತ ಯಾವೂರಲ್ಲೂ ಮಣೆ ಹಾಕಿರ್ಲಿಲ್ಲ ಕಣಮ್ಮ,” ಎಂದರು.

ಅವರ ಭುಜದ ಆಚೆ ನೀರು ಬರುತ್ತಿತ್ತು.

ನಾನು ಸುಲಿಯುವುದನ್ನು ನಿಲ್ಲಿಸಲಿಲ್ಲ. ಗೋಡೆಯ ಹತ್ತಿರ ನಿಂತಿದ್ದ ಮಾಬ್ಲಣ್ಣ ಹೆಗಲ ಮೇಲೆ ಹಾಕಿಕೊಳ್ಳುವ ಬೈರಾಸನ್ನು ಬಾಯಿಗೆ ತುರುಕಿಕೊಂಡಿದ್ದ. ನೀರು ಒರಗಿದ ಕಂಬಗಳನ್ನು ದಾಟಿತು, ಅಮ್ಮ ಬಿದ್ದ ಹಲಗೆಯ ಕೆಳಗೆ ಬಂತು, ದೋಣಿಗಳನ್ನು ಒಂದೊಂದಾಗಿ ಎತ್ತಿ ನೆಟ್ಟಗೆ ನಿಲ್ಲಿಸಿತು. ಕಲ್ಲಿನ ಮೆಟ್ಟಿಲು ಹತ್ತಿತು. ಕೊನೆಗೆ ಅವರ ಬರಿಗಾಲಿನ ಹಿಮ್ಮಡಿಯನ್ನು ಮುಟ್ಟಿ, ಸ್ವಲ್ಪ ಹಿಂದೆ ಹೋಗಿ, ಮತ್ತೆ ಮುಟ್ಟಿತು.

ಅವರ ಕೈ ನಿಂತಿತು.

“ಇದು ಅದೇನಾ?” ಎಂದರು.

“ಹ್ಞೂಂ,” ಎಂದೆ. “ತಿರುಗ್ಬೇಡಿ.”

ಅವರು ತಿರುಗಲಿಲ್ಲ. ಆದರೆ ಕಚೇರಿಗೆ ಫೋಟೊ ಬೇಕಿತ್ತು, ಅಧಿಕಾರಿ ಸ್ವತಃ ನಿಂತ ಫೋಟೊ, ಹಿಂದೆ ದಕ್ಕೆ ಮತ್ತು ನೀರು. ಜೇಬಿನಿಂದ ಮೊಬೈಲು ತೆಗೆದು ನನ್ನ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ಹೇಳಿದರು. ಅದರಲ್ಲಿ ಊರಿನ ಹೆಸರು ತಾನಾಗಿ ಬರಬೇಕಂತೆ, ಬಂದದ್ದು ‘ಹೆಸರಿಲ್ಲದ ರಸ್ತೆ’ ಎಂದು. ಅವರು ಎದ್ದು ನೆಟ್ಟಗೆ ನಿಂತು ನನ್ನ ಕಡೆ ನೋಡಿದರು. ಫೋಟೊಕ್ಕೆ ನಿಲ್ಲುವವರು ಹೇಗೂ ಸಮುದ್ರಕ್ಕೆ ಬೆನ್ನು ಮಾಡಿಯೇ ನಿಲ್ಲುತ್ತಾರೆ ಎಂದು ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮೂರು ಫೋಟೊ ತೆಗೆದೆ. ಆಮೇಲೆ ಆಳ ಅಳೆಯಬೇಕಿತ್ತು. ಅವರ ಟೇಪಿಗೆ ಬಲೆಯ ಸೀಸದ ಗುಂಡು ಕಟ್ಟಿಕೊಂಡು, ಒರಗಿದ ಕಂಬಗಳ ಮೇಲೆ ಹೆಜ್ಜೆ ಹುಡುಕುತ್ತ ದಕ್ಕೆಯ ಕೊನೆಗೆ ಹೋದೆ. ಅಮ್ಮ ಎದ್ದು ನಿಂತು ನೋಡುತ್ತಿದ್ದಳು. ಟೇಪು ಬಿಟ್ಟೆ. ಹನ್ನೊಂದು ಅಡಿ ನಾಲ್ಕು ಇಂಚು. ದಾರಿಯುದ್ದಕ್ಕೂ ಅದನ್ನು ಬಾಯಲ್ಲೇ ಹೇಳಿಕೊಂಡು ಬಂದು ಅವರ ಎದುರು ಗಟ್ಟಿಯಾಗಿ ಹೇಳಿದೆ.

ಅವರು ‘ನೀರಿಲ್ಲ’ ಎಂಬುದನ್ನು ರಬ್ಬರಿನಿಂದ ಒರೆಸಿ, ಪೆನ್ನಿನಲ್ಲಿ ಅಳತೆ ಬರೆದರು. ಅಳತೆ ತೆಗೆದವರು ಎಂಬಲ್ಲಿ ನನ್ನ ಹೆಸರು ಕೇಳಿದರು. ಸುಗುಣ ಎಂದೆ. ಎಷ್ಟು ಓದಿದ್ದು ಎಂದರು. ಏಳು ಎಂದೆ, ತಲೆ ತಗ್ಗಿಸಿ. ಅವರು ಅದನ್ನು ಬರೆಯಲಿಲ್ಲ. ಹೆಸರು ಮಾತ್ರ ಬರೆದರು.

ಸಹಿ ಹಾಕುವ ಜಾಗಕ್ಕೆ ಬಂದಾಗ ಅವರ ಪೆನ್ನು ನಿಂತುಹೋಯಿತು. ಅಲ್ಲಿ ಅಚ್ಚಾಗಿತ್ತು, ‘ಸ್ಥಳಕ್ಕೆ ಖುದ್ದು ಭೇಟಿ ನೀಡಿ, ನೀರನ್ನು ಕಣ್ಣಾರೆ ಕಂಡು ದೃಢೀಕರಿಸಿದ್ದೇನೆ’. ಮಾಬ್ಲಣ್ಣ ಬೈರಾಸು ತೆಗೆದು ಹತ್ತಿರ ಬಂದು, ಫೋಟೊದಲ್ಲಿ ಕಾಣ್ತದಲ್ಲ ಸಾರ್ ಎಂದು ಪಿಸುಗುಟ್ಟಿದ. ಫೋಟೊದಲ್ಲಿ ಕಾಣುವುದು ನೋಡುವವರಿಗೆ, ನಾನು ಕಂಡಿಲ್ಲವಲ್ಲ ಎಂದರು ಅವರು. ಕಾಣದೆ ಇರುವುದಕ್ಕೆ ಕಂಡೆ ಎಂದು ಇದುವರೆಗೆ ಬರೆದಿಲ್ಲ, ಹೋಗುವ ಕಾಲಕ್ಕೆ ಬರೆಯುವುದಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಒಂದೇ ಒಂದು ಸಲ ಕುತ್ತಿಗೆ ತಿರುಗಿಸಿದರೆ ಅವರು ಹಿಂದಿನ ಇಬ್ಬರಂತೆ ಕೆಸರು ಕಾಣುತ್ತಿದ್ದರು. ತಿರುಗಿಸದಿದ್ದರೆ ಸಹಿ ಇಲ್ಲ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಮತ್ತೆ ಮೀನು ಬೇರ್ಪಡಿಸಲು ಕೂತಳು. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ.

ನನಗೆ ಗೊತ್ತಿದ್ದದ್ದು ಇಷ್ಟೇ, ಮದುಮಗಳಂದಿರನ್ನು ನಾವು ಕಂಡೆಯಾ ಎಂದು ಯಾವತ್ತೂ ಕೇಳುವುದಿಲ್ಲ.

“ತಾಗಿತಲ್ಲ ಸಾರ್,” ಎಂದೆ.

ಅವರು ನನ್ನನ್ನು ನೋಡಿದರು. ಕೆಳಗೆ ತಮ್ಮ ಕಾಲನ್ನು ನೋಡಿಕೊಂಡರು. ಪ್ಯಾಂಟಿನ ಅಂಚು ನೆನೆದು ಕಪ್ಪಾಗಿತ್ತು, ಬೆರಳ ಸಂದಿಯಲ್ಲಿ ಮರಳು. ಆಮೇಲೆ ‘ಕಣ್ಣಾರೆ ಕಂಡು’ ಎಂಬುದರ ಮೇಲೆ ನೇರ ಗೆರೆ ಎಳೆದು, ಮೇಲೆ ಸಣ್ಣ ಅಕ್ಷರದಲ್ಲಿ ‘ಕಾಲಿಗೆ ತಾಗಿದಾಗ ಅರಿತು’ ಎಂದು ಬರೆದು, ತಿದ್ದುಪಡಿಗೆ ಚುಟುಕು ಸಹಿ ಮಾಡಿ, ಕೆಳಗೆ ಪೂರ್ತಿ ಸಹಿ ಹಾಕಿದರು. ಶೂಗಳನ್ನು ಕೈಯಲ್ಲಿ ಹಿಡಿದು, ತಿರುಗಿ ನೋಡದೆ ಬಸ್ಸಿನ ಕಡೆ ನಡೆದರು. ಮರಳಿನ ಮೇಲೆ ಅವರ ಒದ್ದೆ ಹೆಜ್ಜೆಗಳು ಐಸಿನ ಮನೆಯವರೆಗೂ ಇದ್ದವು.

ಕಚೇರಿಯವರು ಸುಮ್ಮನೆ ಬಿಡಲಿಲ್ಲ. ತಾಗುವುದು ಎಂದರೇನು, ಯಾವ ನಿಯಮದಡಿ ಎಂದು ಕೇಳಿ ಕಾಗದ ಬಂತು. ಅದಕ್ಕೆ ರಂಗಧಾಮಯ್ಯನವರೇ ಉತ್ತರ ಬರೆದರಂತೆ. ಏನು ಬರೆದರೋ ನಮಗೆ ತಿಳಿಯದು. ಮಾರ್ಚ್ ಕೊನೆಯ ದಿನ ಮಂಜೂರಾತಿ ಬಂತು. ದುರಸ್ತಿಗೆ ಮಾತ್ರ. ಅಭಿವೃದ್ಧಿಗೆ ಕೇಳಿದ್ದ ಹರಾಜು ಕಟ್ಟೆ, ದೀಪ, ನೆರಳಿನ ಮಾಡು ಯಾವುದೂ ಇಲ್ಲ. ಮಾಬ್ಲಣ್ಣ ಅಭಿವೃದ್ಧಿಗೆಂದು ಅವತ್ತೇ ಹೊಸ ಅರ್ಜಿ ಬರೆಯಲು ಕೂತ.

ಕೆಲಸಕ್ಕೆ ಬಂದವರು ಹೊರಗಿನವರು, ಹದಿನೇಳು ಜನ. ಅವರು ಬಂದ ಗಳಿಗೆಯಿಂದ ಸಮುದ್ರ ಬಂಡೆಗಳ ಆಚೆ. ಒಣಗಿದ ನೆಲದಲ್ಲಿ ಕಂಬ ನಿಲ್ಲಿಸುವಂಥ ಇಷ್ಟು ಸುಲಭವಾದ ಕೆಲಸವನ್ನು ಜನ್ಮದಲ್ಲಿ ಮಾಡಿಲ್ಲ ಎಂದು ಗುತ್ತಿಗೆದಾರ ಖುಷಿಪಟ್ಟ. ದೋಣಿಗಳು ನಲವತ್ತು ದಿನ ಮರಳಲ್ಲಿ ಒರಗಿದ್ದವು, ನಾವು ಗಂಜಿ ಮತ್ತು ಒಣಮೀನಿನಲ್ಲಿ ದಿನ ಕಳೆದೆವು. ಆದರೂ ಕೆಲಸದವರಿಗೆ ಊಟ ಹಾಕಿದೆವು, ನೀರು ಕೊಟ್ಟೆವು. ಕೂರಲು ಮಣೆ ಮಾತ್ರ ಕೊಡಲಿಲ್ಲ. ಕಾಂಕ್ರೀಟು ಗಟ್ಟಿಯಾಗುವ ಮುಂಚೆ ಯಾರಿಗಾದರೂ ನೀರು ಒಗ್ಗಿಬಿಟ್ಟರೆ ಎಂಬ ಹೆದರಿಕೆ. ಒಬ್ಬ ಮೇಸ್ತ್ರಿ ಬಿಡುವಿನಲ್ಲಿ ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹರಿದ ಬಲೆ ಹೊಲಿಯಲು ಶುರುಮಾಡಿದ್ದ. ಒಳ್ಳೆಯ ಮನುಷ್ಯ. ದಾರು ಅಜ್ಜಿ ಅವನನ್ನು ಪೊರಕೆ ಹಿಡಿದು ಎಬ್ಬಿಸಿದಳು.

ಅವರು ಹೋದ ಮರುದಿನ ನೀರು ಬಂದು ಹೊಸ ಕಂಬಗಳನ್ನು ಸುತ್ತಿ ನೋಡಿತು. ಆ ಮಳೆಗಾಲವನ್ನು ದಕ್ಕೆ ಅಲುಗದೆ ಕಳೆಯಿತು. ಅಮ್ಮ ಸಂಜೆ ಹೊರಡುವಾಗ ಕಂಬ ತಟ್ಟುವುದನ್ನು ಬಿಟ್ಟಿಲ್ಲ. ಕಾಂಕ್ರೀಟಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದು ಅತ್ತಿಗೆ ನಗುತ್ತಾಳೆ.

ಮಳೆ ನಿಂತ ಮೇಲೆ, ಕೆಲಸ ಮುಗಿದಿದೆಯೆಂದು ಬರೆದುಕೊಳ್ಳಲು ರಂಗಧಾಮಯ್ಯನವರೇ ಬರುತ್ತಾರೆಂದು ಕಾಗದ ಬಂತು. ಅವತ್ತು ದೋಣಿಗಳನ್ನು ಮೇಲೆ ಎಳೆಯಬೇಕೇ ಬೇಡವೇ ಎಂದು ಸಂಘದಲ್ಲಿ ಜಗಳವಾಯಿತು. ತವರಿಗೆ ಹೋಗಿ ಬಂದ ಮೇಲೂ ನೀರು ಸರಿದದ್ದನ್ನು ಮೂವರು ಮದುಮಗಳಂದಿರ ವಿಷಯದಲ್ಲಿ ನಾನೇ ಕಂಡಿದ್ದೆ. ಕೊನೆಗೆ ದೋಣಿಗಳು ನೀರಿನಲ್ಲೇ ಉಳಿದವು. ನಾನು ದಕ್ಕೆಯ ತುದಿಯಲ್ಲಿ ನಿಂತು ನೀರನ್ನೇ ನೋಡುತ್ತಿದ್ದೆ. ತಿರುವಿನಲ್ಲಿ ಬಸ್ಸು ನಿಂತ ಸದ್ದಾಯಿತು. ನೀರು ಕಂಬದ ಮೇಲೆ ಎಲ್ಲಿತ್ತೋ ಅಲ್ಲೇ ಇತ್ತು. ಹಿಂದೆ ಯಾರೋ ನಕ್ಕದ್ದು ಕೇಳಿ ತಿರುಗಿದೆ.

ರಂಗಧಾಮಯ್ಯ ಹಿಮ್ಮುಖವಾಗಿ ನಡೆದು ಬರುತ್ತಿದ್ದರು. ಕೊಡೆಯನ್ನು ಹಿಂದೆ ಚಾಚಿ ದಾರಿ ತಡವುತ್ತ, ಮುಖ ಬಸ್ಸಿನ ಕಡೆಗೇ ಇಟ್ಟುಕೊಂಡು, ಒಂದೊಂದೇ ಹೆಜ್ಜೆ. ಮಾಬ್ಲಣ್ಣ ಅವರ ಪಕ್ಕದಲ್ಲಿ, ಕಲ್ಲಿದೆ ಸಾರ್, ಹಗ್ಗವಿದೆ ಸಾರ್ ಎನ್ನುತ್ತ ಬರುತ್ತಿದ್ದ. ಹೊಸ ಹಲಗೆಗಳನ್ನು ಕಾಲಿನಿಂದಲೇ ಅದುಮಿ ನೋಡುತ್ತ ಅವರು ನನ್ನವರೆಗೆ ಬಂದರು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು.

“ಮನೇಲಿ ಕೇಳಿದ್ರು, ಸಮುದ್ರ ಹೆಂಗಿತ್ತು ಅಂತ,” ಎಂದರು, ಊರಿನ ಕಡೆ ನೋಡುತ್ತಲೇ. “ತಣ್ಣಗಿತ್ತು ಅಂದೆ. ಅಷ್ಟೇ ಗೊತ್ತಿದ್ದಿದ್ದು.”

ಇಷ್ಟು ವರ್ಷ ಈ ಕೆಲಸ ಮಾಡಿದರೂ ತಿರುಗಬಹುದೆಂಬ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ತವರಿಂದ ಬಂದವಳಿಗೆ ಅದನ್ನು ಹೇಳುವುದು ಅತ್ತೆಯೋ ಗಂಡನೋ. ಇವರಿಗೆ ಇಲ್ಲಿ ಅವರು ಯಾರೂ ಇರಲಿಲ್ಲ.

“ತಿರುಗಿ ಸಾರ್,” ಎಂದೆ.

ಅವರು ತಿರುಗಿದರು. ನಾನು ನೀರನ್ನು ನೋಡಿದೆ, ಅದು ಹೋಗಲಿಲ್ಲ. ಆಮೇಲೆ ಅವರ ಮುಖ ನೋಡಿದೆ. ಚೀಲದಲ್ಲಿ ಫಾರಂ ಇತ್ತು, ತೆಗೆಯಲಿಲ್ಲ. ಕೊನೆಗೆ, ಆ ಮಣೆ ಇನ್ನೂ ಇದೆಯಾ ಎಂದು ಕೇಳಿದರು.

ನಾನು ಓಡಿಹೋಗಿ ತಂದೆ. ಅಭ್ಯಾಸದಂತೆ ಊರಿನ ಕಡೆಗೆ ಮುಖ ಬರುವ ಹಾಗೆ ಹಾಕಿದೆ. ಅವರು ಬಗ್ಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೀರಿನ ಕಡೆ ತಿರುಗಿಸಿಕೊಂಡು ಕೂತರು, ಶೂ ಕಳಚಿದರು.